ಅಲಬಾಮಾವನ್ನು ಏಳು ಪಾಲು ಮಾಡುವುದು: ಡೇವ್ಸ್ ರಿಡಿಸ್ಟ್ರಿಕ್ಟಿಂಗ್ ಬಳಸಿ ನೋಡಿದೆ

ಮೂರು ವಾರದಿಂದ ರಾತ್ರಿ ಊಟ ಆದ ಮೇಲೆ ನನಗೆ ಒಂದೇ ಕೆಲಸ. ಅಮೆರಿಕದ ಅಲಬಾಮಾ ರಾಜ್ಯವನ್ನು ಏಳು ಪಾಲು ಮಾಡುವುದು. ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಅಂತ ಹೆಸರು. ಅದರ ಕೆಳಮನೆಗೆ ಈ ರಾಜ್ಯದಿಂದ ಏಳು ಜನ ಹೋಗುತ್ತಾರೆ, ಅದಕ್ಕೇ ಏಳು ಕ್ಷೇತ್ರ. ಆ ಕಡೆ ನಾನು ಯಾವತ್ತೂ ಹೋಗಿಲ್ಲ. ಆದರೂ ವಿಲ್ಕಾಕ್ಸ್, ಲೌಂಡ್ಸ್, ಮೇಕನ್, ಬುಲಾಕ್ ಅಂತ ಅಲ್ಲಿನ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಹೆಸರು ಈಗ ಬಾಯಿಪಾಠ ಆಗಿವೆ.

ಇದನ್ನು ಮಾಡುತ್ತಿರುವುದು ಡೇವ್ಸ್ ರಿಡಿಸ್ಟ್ರಿಕ್ಟಿಂಗ್ ಅನ್ನೋ ವೆಬ್‌ಸೈಟಿನಲ್ಲಿ. ಡೇವ್ ಬ್ರಾಡ್ಲಿ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್ ಶುರು ಮಾಡಿದ್ದು. ಈಗ ಸ್ವಯಂಸೇವಕರ ತಂಡ ನಡೆಸುತ್ತದೆ. ಪೂರ್ತಿ ಉಚಿತ. ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಅಮೆರಿಕದ ಯಾವ ರಾಜ್ಯವನ್ನು ಬೇಕಾದರೂ ತೆಗೆದುಕೊಂಡು ಚುನಾವಣಾ ಕ್ಷೇತ್ರಗಳ ಗಡಿಯನ್ನು ನಾವೇ ಎಳೆಯಬಹುದು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಗೆರಿಮ್ಯಾಂಡರಿಂಗ್ ಅನ್ನೋ ಮಾತು ಮೊದಲೇ ಗೊತ್ತಿತ್ತು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ತಮ್ಮ ಪಕ್ಷಕ್ಕೆ ಅನುಕೂಲ ಆಗುವ ನಕ್ಷೆಗೆ ಸಹಿ ಹಾಕಿದರು. ಅದರಲ್ಲಿ ಒಂದು ಕ್ಷೇತ್ರ ಸಲಮಾಂಡರ್ ಪ್ರಾಣಿಯ ಹಾಗೆ ಸೊಟ್ಟಗೆ ಬಾಗಿತ್ತು. ಪತ್ರಿಕೆಯವರು ಗೆರಿ ಹೆಸರನ್ನೂ ಸಲಮಾಂಡರನ್ನೂ ಸೇರಿಸಿ ಹೊಸ ಪದ ಮಾಡಿದರು. ಹಾಗಾಗಿ ನನ್ನ ತಲೆಯಲ್ಲಿ ಲೆಕ್ಕ ಸರಳವಾಗಿತ್ತು. ಗಡಿ ಸೊಟ್ಟಗಿದ್ದರೆ ಮೋಸ, ನೆಟ್ಟಗಿದ್ದರೆ ನ್ಯಾಯ. ಇನ್ನೊಂದು ಅಭಿಪ್ರಾಯವೂ ಇತ್ತು. ಒಂದು ಜನಾಂಗದವರನ್ನು ನೋಡಿ ಕ್ಷೇತ್ರ ಮಾಡುವುದೇ ತಪ್ಪು ಅನ್ನಿಸುತ್ತಿತ್ತು. ಎರಡೂ ಈಗ ಹಾಗೇ ಉಳಿದಿಲ್ಲ.

ಬಳಸುವುದು ಸುಲಭ. ಕೈಯಲ್ಲಿ ಒಂದು ಕುಂಚ ಇದ್ದ ಹಾಗೆ. ಒಂದು ಕ್ಷೇತ್ರದ ಬಣ್ಣ ಆರಿಸಿಕೊಂಡು ಕೌಂಟಿಯ ಮೇಲೆ ಒತ್ತಿದರೆ ಇಡೀ ಕೌಂಟಿ ಆ ಬಣ್ಣಕ್ಕೆ ಬರುತ್ತದೆ. ಅಷ್ಟು ಬೇಡ ಅಂದರೆ ಪ್ರಿಸಿಂಕ್ಟ್‌ಗೆ ಇಳಿಯಬಹುದು, ಅಂದರೆ ಮತಗಟ್ಟೆಯ ವ್ಯಾಪ್ತಿಗೆ. ಇನ್ನೂ ಚಿಕ್ಕದು ಬೇಕಾದರೆ ಜನಗಣತಿಯ ಬ್ಲಾಕ್. ಪಕ್ಕದಲ್ಲಿ ಜನಸಂಖ್ಯೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನೋದು ಕೂಡಲೇ ಬದಲಾಗುತ್ತದೆ. 2020ರ ಜನಗಣತಿ ಪ್ರಕಾರ ಅಲಬಾಮಾದಲ್ಲಿ 50,24,279 ಜನ. ಏಳರಿಂದ ಭಾಗಿಸಿದರೆ ಕ್ಷೇತ್ರಕ್ಕೆ 7,17,754. ಕಾಂಗ್ರೆಸ್ ಕ್ಷೇತ್ರಗಳು ಈ ಸಂಖ್ಯೆಗೆ ತುಂಬಾ ಹತ್ತಿರ ಇರಬೇಕು. ಜನಸಂಖ್ಯೆ ಸಮ ಇರಬೇಕು ಅನ್ನೋ ನಿಯಮಕ್ಕೂ ಅಲಬಾಮಾಕ್ಕೂ ಹಳೆಯ ಸಂಬಂಧ ಇದೆ. ಅಲ್ಲಿನ ಶಾಸನಸಭೆಯ ಕ್ಷೇತ್ರಗಳನ್ನು 1901ರ ನಂತರ ಅರವತ್ತು ವರ್ಷ ಯಾರೂ ಮುಟ್ಟಿರಲಿಲ್ಲ. ಅದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲೇ 1964ರಲ್ಲಿ ಸುಪ್ರೀಂ ಕೋರ್ಟ್, ರಾಜ್ಯಗಳ ಶಾಸನಸಭೆಗೂ ಪ್ರತಿ ಮತದ ತೂಕ ಒಂದೇ ಇರಬೇಕು ಅಂತ ಹೇಳಿದ್ದು.

ಈಗ ನನ್ನನ್ನು ಮೂರು ವಾರ ಹಿಡಿದಿಟ್ಟ ವಿಷಯಕ್ಕೆ ಬರುತ್ತೇನೆ. ಅಲಬಾಮಾದಲ್ಲಿ ಕಪ್ಪು ವರ್ಣೀಯರು ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ರಾಜ್ಯ 2021ರಲ್ಲಿ ಮಾಡಿದ ನಕ್ಷೆಯಲ್ಲಿ ಏಳರಲ್ಲಿ ಒಂದೇ ಕ್ಷೇತ್ರದಲ್ಲಿ, ಅಂದರೆ ಏಳನೇ ಕ್ಷೇತ್ರದಲ್ಲಿ, ಅವರು ಬಹುಸಂಖ್ಯಾತರು. ಉಳಿದವರು ಮೂರು ಕ್ಷೇತ್ರಗಳ ಅಂಚಿನಲ್ಲಿ ಚದುರಿ ಹೋಗಿದ್ದರು. ವೆಬ್‌ಸೈಟಿನಲ್ಲಿ ಕಪ್ಪು ಜನರ ಪ್ರಮಾಣದ ಬಣ್ಣ ಹಾಕಿ ನೋಡಿ. ರಾಜ್ಯದ ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಒಂದು ಗಾಢ ಪಟ್ಟಿ ಎದ್ದು ಕಾಣುತ್ತದೆ. ಅದೇ ಬ್ಲ್ಯಾಕ್ ಬೆಲ್ಟ್. ಆ ಹೆಸರು ಮೊದಲು ಬಂದದ್ದು ಅಲ್ಲಿನ ಕಪ್ಪು ಮಣ್ಣಿನಿಂದ. ಆ ಮಣ್ಣಿನಲ್ಲಿ ಹತ್ತಿ ಬೆಳೆಯಲು ಗುಲಾಮರನ್ನು ತಂದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತೂ ಅಲ್ಲೇ ಇದ್ದಾರೆ. ರಾಜ್ಯದ ಗೆರೆಗಳು ಆ ಪಟ್ಟಿಯನ್ನು ತುಂಡು ಮಾಡಿದ್ದವು.

ಕಪ್ಪು ವರ್ಣೀಯರು ಗೆಲ್ಲಬಹುದಾದ ಇನ್ನೊಂದು ಕ್ಷೇತ್ರ ಆಗುತ್ತದೋ ನೋಡೋಣ ಅಂತ ನಾನು ಎರಡನೇ ಕ್ಷೇತ್ರವನ್ನು ರಾಜಧಾನಿ ಮಾಂಟ್‌ಗೊಮರಿಯಿಂದ ಶುರು ಮಾಡಿದೆ. ಪಟ್ಟಿಯ ಉದ್ದಕ್ಕೂ ಕೌಂಟಿ ಸೇರಿಸುತ್ತಾ ಹೋದೆ. ಅವು ಹಳ್ಳಿ ಕೌಂಟಿಗಳು, ಜನ ತೀರಾ ಕಡಿಮೆ. ಹತ್ತು ಸೇರಿಸಿದರೂ ಸಂಖ್ಯೆ ತುಂಬಲಿಲ್ಲ. ನೈಋತ್ಯದ ಮೂಲೆಯಲ್ಲಿ ಮೊಬೈಲ್ ಅನ್ನೋ ಬಂದರು ನಗರ ಇದೆ. ಆ ಇಡೀ ಕೌಂಟಿಯನ್ನು ಒಂದೇ ಸಲ ಒತ್ತಿದೆ. ಜನಸಂಖ್ಯೆ ಒಮ್ಮೆಲೇ ಏರಿತು, ಕಪ್ಪು ಮತದಾರರ ಪ್ರಮಾಣ ಇಳಿದು ಹೋಯಿತು. ವಾಪಸ್ ತೆಗೆದೆ. ಪ್ರಿಸಿಂಕ್ಟ್‌ಗೆ ಇಳಿದು ನಗರವನ್ನೂ ಅದರ ಉತ್ತರದ ಪ್ರಿಚರ್ಡ್ ಊರನ್ನೂ ಮಾತ್ರ ಒಂದೊಂದಾಗಿ ಸೇರಿಸಿದೆ. ಒಂದೊಂದು ಒತ್ತಿಗೂ ಕಾಲು ಪರ್ಸೆಂಟ್, ಅರ್ಧ ಪರ್ಸೆಂಟ್. ರಾತ್ರಿ ಹನ್ನೊಂದೂವರೆಗೆ 47 ದಾಟಿತು.

ಮಗಳು ಪಕ್ಕದಲ್ಲಿ ಕೂತಿದ್ದಳು. "ಅಮ್ಮಾ, ಇವರನ್ನೆಲ್ಲ ಒಂದೇ ಕ್ಷೇತ್ರಕ್ಕೆ ಹಾಕಿಬಿಡು. ಅವರು ಖಂಡಿತ ಗೆಲ್ತಾರಲ್ಲಾ?" ಅಂದಳು.

ಒಳ್ಳೆಯ ಪ್ರಶ್ನೆ. ಮಾಡಿಯೇ ನೋಡೋಣ ಪುಟ್ಟಿ ಅಂದೆ. ಏಳನೇ ಕ್ಷೇತ್ರಕ್ಕೆ ಸಿಕ್ಕಿದ ಗಾಢ ಬಣ್ಣವನ್ನೆಲ್ಲ ತುಂಬಿದೆ. 60 ದಾಟಿತು. ಎರಡನೆಯದು 30ರ ಹತ್ತಿರಕ್ಕೆ ಕುಸಿಯಿತು. "ಅಯ್ಯೋ, ಇಲ್ಲಿ ಬೇಕಾದ್ದಕ್ಕಿಂತ ಜಾಸ್ತಿ, ಅಲ್ಲಿ ಸಾಲಲ್ಲ" ಅಂದಳು. ಗೆಲುವಿಗೆ ಬೇಕಾದ್ದಕ್ಕಿಂತ ಜಾಸ್ತಿ ಜನರನ್ನು ಒಂದೇ ಕಡೆ ತುರುಕಿದರೆ ಅದು ಪ್ಯಾಕಿಂಗ್. ಎಲ್ಲೂ ಸಾಲದ ಹಾಗೆ ಒಡೆದು ಹಂಚಿದರೆ ಕ್ರ್ಯಾಕಿಂಗ್. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಬೆರಳ ತುದಿಯಲ್ಲಿ ಆದಾಗಲೇ ತಿಳಿದದ್ದು. ಗುಂಪು ನೋಡಿ ಮಾಡಿದ ಕ್ಷೇತ್ರ ಸರಿಯೋ ತಪ್ಪೋ ಅಂತ ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ. ಅದೇ ಜನ, ಅದೇ ಕುಂಚ. 60ಕ್ಕೆ ತುಂಬಿದರೆ ಅವರ ದನಿ ಒಂದು ಮೂಲೆಗೆ ಸೇರುತ್ತದೆ. 50ರ ಆಸುಪಾಸಿನಲ್ಲಿ ಎರಡು ಕಡೆ ಇಟ್ಟರೆ ಎರಡು ಕಡೆಯೂ ಕೇಳಿಸುತ್ತದೆ.

ಇದೇ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. 2023ರ ಜೂನ್‌ನಲ್ಲಿ ಅಲೆನ್ ವಿರುದ್ಧ ಮಿಲಿಗನ್ ಮೊಕದ್ದಮೆಯಲ್ಲಿ 5–4ರ ತೀರ್ಪು ಬಂತು. ರಾಜ್ಯದ ನಕ್ಷೆ 1965ರ ಮತದಾನ ಹಕ್ಕು ಕಾಯ್ದೆಯನ್ನು ಬಹುಶಃ ಮುರಿದಿದೆ ಅನ್ನೋ ಕೆಳ ಕೋರ್ಟಿನ ಆದೇಶ ಉಳಿಯಿತು. ಆಮೇಲೆ ಕೆಳ ಕೋರ್ಟೇ ಹೊಸ ನಕ್ಷೆ ಕೊಟ್ಟಿತು. ಅದರ ಎರಡನೇ ಕ್ಷೇತ್ರ ಮೊಬೈಲ್‌ನಿಂದ ಮಾಂಟ್‌ಗೊಮರಿ ದಾಟಿ ಪಕ್ಕದ ಜಾರ್ಜಿಯಾ ರಾಜ್ಯದ ಗಡಿ ತನಕ. ಕಪ್ಪು ಮತದಾರರು ಶೇ 48.7. ಅರ್ಧವೂ ಇಲ್ಲ, ನೋಡಿ. ಆದರೂ 2024ರಲ್ಲಿ ಅಲ್ಲಿಂದ ಶೊಮಾರಿ ಫಿಗರ್ಸ್ ಗೆದ್ದರು. ಅಲಬಾಮಾದಿಂದ ಇಬ್ಬರು ಕಪ್ಪು ವರ್ಣೀಯರು ಒಟ್ಟಿಗೆ ಕಾಂಗ್ರೆಸ್ಸಿಗೆ ಹೋದದ್ದು ಅದೇ ಮೊದಲ ಸಲ.

ಅಂಕಗಳ ಬಗ್ಗೆ ಹೇಳಲೇಬೇಕು. ನಕ್ಷೆ ಮುಗಿಸಿದರೆ ಐದು ವಿಷಯಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಬರುತ್ತದೆ. ಮತಕ್ಕೆ ತಕ್ಕ ಸೀಟು, ಪೈಪೋಟಿ, ಅಲ್ಪಸಂಖ್ಯಾತರ ಪ್ರಾತಿನಿಧ್ಯ, ಆಕಾರದ ಅಚ್ಚುಕಟ್ಟು, ಕೌಂಟಿ ಒಡೆಯದೇ ಇರುವುದು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಏನಂದರೆ, ಐದನ್ನೂ ಕೂಡಿಸಿ ಒಂದು ಒಟ್ಟು ಅಂಕ ಕೊಡದೇ ಇರುವುದು. ಒಂದನ್ನು ಎತ್ತಿದರೆ ಇನ್ನೊಂದು ಇಳಿಯುತ್ತದೆ. ಯಾವುದು ಮುಖ್ಯ ಅನ್ನೋದು ನಮ್ಮ ತೀರ್ಮಾನ.

ಆಕಾರದ ಮೇಲಿನ ನನ್ನ ನಂಬಿಕೆ ಸಡಿಲವಾದದ್ದು ಇಲಿನಾಯ್ ರಾಜ್ಯದಿಂದ. ಶಿಕಾಗೋದ ಹಳೆಯ ನಾಲ್ಕನೇ ಕ್ಷೇತ್ರ ಎರಡು ಕಿವಿಗವಸಿನ ಹಾಗಿತ್ತು. ಮೇಲೊಂದು ತುಂಡು, ಕೆಳಗೊಂದು ತುಂಡು, ನಡುವೆ ಹೆದ್ದಾರಿಯ ಉದ್ದಕ್ಕೆ ದಾರದಂಥ ಪಟ್ಟಿ. ನೋಡಿದವರು ಯಾರಾದರೂ ಮೋಸ ಅನ್ನಬೇಕು. ಆದರೆ ಎರಡೂ ತುಂಡುಗಳಲ್ಲಿ ಲ್ಯಾಟಿನೋ ಜನ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ನಡುವೆ ಇದ್ದದ್ದು ಕಪ್ಪು ವರ್ಣೀಯರು ಬಹುಸಂಖ್ಯಾತರಾಗಿದ್ದ ಏಳನೇ ಕ್ಷೇತ್ರ. ನೇರವಾಗಿ ಸೇರಿಸಿದ್ದರೆ ಅದು ಒಡೆಯುತ್ತಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ತದ್ವಿರುದ್ಧ. 2020ರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮತ ರಿಪಬ್ಲಿಕನ್ನರಿಗೆ, 9 ಸೀಟೂ ಡೆಮಾಕ್ರಾಟರಿಗೆ. ರಿಪಬ್ಲಿಕನ್ನರಿಗೊಂದು ಕ್ಷೇತ್ರ ಮಾಡಲು ಒಂದು ಭಾನುವಾರ ಪೂರ್ತಿ ಕೂತೆ. ಆಗಲೇ ಇಲ್ಲ. ಅವರು ಎಲ್ಲ ಕಡೆ ಸಮನಾಗಿ ಹರಡಿಕೊಂಡಿದ್ದಾರೆ. ಅಲ್ಲಿ ಗೆರೆ ಎಳೆದವರನ್ನು ಬೈದು ಏನೂ ಪ್ರಯೋಜನ ಇಲ್ಲ.

ಈ ವೆಬ್‌ಸೈಟಿನಿಂದ ಆಗದ ಕೆಲಸವೂ ಇದೆ. ಯಾರು ಒಂದು ಗುಂಪು ಅನ್ನೋದನ್ನು ಅದು ಹೇಳಲಾರದು. ಮೊಬೈಲ್ ಮತ್ತು ಪಕ್ಕದ ಬಾಲ್ಡ್‌ವಿನ್ ಕೌಂಟಿ ಕಡಲ ತೀರದ ಒಂದೇ ಸಮುದಾಯ, ಅವನ್ನು ಒಡೆಯಬಾರದು ಅಂತ ರಾಜ್ಯ ವಾದಿಸಿತ್ತು. ಬ್ಲ್ಯಾಕ್ ಬೆಲ್ಟೇ ಒಂದು ಸಮುದಾಯ, ಬಡತನ, ಚರಿತ್ರೆ ಎಲ್ಲ ಹಂಚಿಕೊಂಡವರು ಅಂತ ಇನ್ನೊಂದು ಕಡೆಯವರು. ತೆರೆಯ ಮೇಲೆ ಎರಡೂ ಬರೀ ಬಣ್ಣ. ಅಲ್ಲಿ ಬದುಕುವವರನ್ನು ಕೇಳಬೇಕು. ನನ್ನ ಮನಸ್ಸು ಎರಡನೆಯವರ ಕಡೆಗಿದೆ. ತೀರದವರು ಎರಡು ಪಾಲಾದರೂ ಅವರಿಗೆ ಪ್ರತಿನಿಧಿ ಸಿಗುತ್ತಾನೆ. ಬೆಲ್ಟಿನಲ್ಲಿ ಏಳನೇ ಕ್ಷೇತ್ರದ ಹೊರಗೆ ಉಳಿದ ಕಪ್ಪು ವರ್ಣೀಯರಿಗೆ ತಮ್ಮವರೇ ಆದ ಪ್ರತಿನಿಧಿ ದಶಕಗಟ್ಟಲೆ ಸಿಕ್ಕಿರಲಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಯಾಕೆ ಅಂದರೆ, ಅಂಕಗಳನ್ನು ಹೇಗೆ ಲೆಕ್ಕ ಹಾಕುತ್ತಾರೆ ಅನ್ನೋದು ಹೊಸಬರಿಗೆ ಬೇಗ ಅರ್ಥ ಆಗುವುದಿಲ್ಲ. ಇಂಗ್ಲಿಷ್ ಓದಲು ಬಂದರೆ ಸಾಕು, ದೊಡ್ಡ ತೆರೆ ಇದ್ದರೆ ಒಳ್ಳೆಯದು. ಮೊದಲ ದಿನವೇ ಅಲಬಾಮಾಕ್ಕೆ ಕೈ ಹಾಕಬೇಡಿ. ಅಯೋವಾ ತೆಗೆದುಕೊಳ್ಳಿ. 99 ಕೌಂಟಿ, 4 ಸೀಟು. ಕಾಂಗ್ರೆಸ್ ಕ್ಷೇತ್ರಕ್ಕೆ ಅಲ್ಲಿ ಕೌಂಟಿಯನ್ನು ಒಡೆಯುವುದಿಲ್ಲ, ಹಾಗಾಗಿ ಒಂದು ಸಂಜೆಯಲ್ಲಿ ಕೈ ಕುದುರುತ್ತದೆ. ಯಾವ ಪಕ್ಷಕ್ಕೆ ಎಲ್ಲಿ ಮತ ಅಂತ ತೋರಿಸುವ ಬಣ್ಣವನ್ನು ಮುಚ್ಚಿಟ್ಟು ಎಳೆಯಿರಿ, ಮುಗಿದ ಮೇಲೆ ಹಾಕಿ ನೋಡಿ. ನನ್ನ ಮಗಳು ಈಗ ಅದನ್ನೇ ಮಾಡುತ್ತಿದ್ದಾಳೆ. ಅವಳ ಮೂರನೇ ಕ್ಷೇತ್ರಕ್ಕೆ ಇನ್ನೂ ಒಂದು ಕೌಂಟಿ ಬೇಕಂತೆ. ಯಾರ ಹತ್ತಿರ ತೆಗೆಯಲಿ ಅಂತ ಕೇಳುತ್ತಾ ಕೂತಿದ್ದಾಳೆ.