ಲೆಕ್ಕ ಜಾಸ್ತಿ ಇರುವ ಪ್ರಾಜೆಕ್ಟ್‌ಗೆ ಟೀನ್ಸಿ 4.0: ವರ್ಷಗಟ್ಟಲೆ ಬಳಸಿದ ಮೇಲೆ

ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಕೊಳ್ಳುವಾಗ ಬಹಳಷ್ಟು ಜನ ನೋಡುವುದು ಮೆಗಾಹರ್ಟ್ಸ್, ಅಂದರೆ ವೇಗ. ದಶಮಾಂಶದ ಲೆಕ್ಕ ಜಾಸ್ತಿ ಇದ್ದರೆ ನಾನು ಮೊದಲು ಎಫ್‌ಪಿಯು (ಆ ಲೆಕ್ಕಕ್ಕೆಂದೇ ಚಿಪ್‌ನಲ್ಲಿರುವ ಭಾಗ) ಇದೆಯಾ ಅಂತ ನೋಡುತ್ತೇನೆ. ಇದ್ದರೆ ಅದು ಫ್ಲೋಟ್‌ಗೆ (32 ಬಿಟ್‌ನ ದಶಮಾಂಶ ಸಂಖ್ಯೆ) ಮಾತ್ರವಾ, ಇನ್ನೂ ನಿಖರವಾದ ಡಬಲ್‌ಗೂ (64 ಬಿಟ್) ಆಗುತ್ತಾ? ಟೀನ್ಸಿ 4.0 ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ನನ್ನ ಮೇಜಿನ ಮೇಲೆ ಇಷ್ಟು ಕಾಲ ಉಳಿದಿರುವುದು ಇದೇ ಕಾರಣಕ್ಕೆ.

ನನ್ನ ಮುಖ್ಯ ಕೆಲಸ ತಂಬೂರಿಯ ಶ್ರುತಿ ತೋರಿಸುವ ಪುಟ್ಟ ಪೆಟ್ಟಿಗೆ. ಹಳೆಯ ಆರ್ಡುಯಿನೋ ಊನೋ (ಆರ್3) ಬೋರ್ಡ್‌ಗೆ ಇದು ಆಗದ ಮಾತು. ಅದರ ರ‍್ಯಾಮ್ ಬರೀ 2 ಕೆಬಿ, ದನಿಯ 1024 ಮಾದರಿಗಳನ್ನು ಫ್ಲೋಟ್ ಆಗಿ ಇಡೋಕೇ 4 ಕೆಬಿ ಬೇಕು. ಅಲ್ಲಿ ಡಬಲ್ ಅಂತ ಬರೆದರೂ ಸಿಗುವುದು ಫ್ಲೋಟೇ. ಇಎಸ್‌ಪಿ32ಗೆ 240 ಮೆಗಾಹರ್ಟ್ಸ್ ವೇಗ ಇದೆ, ಆದರೆ ಎಫ್‌ಪಿಯು ಫ್ಲೋಟ್‌ಗೆ ಮಾತ್ರ. ಕೋಡ್‌ನಲ್ಲಿ 0.5ರ ಪಕ್ಕ ಎಫ್ ಹಾಕದಿದ್ದರೆ ಲೆಕ್ಕ ಸದ್ದಿಲ್ಲದೆ ಡಬಲ್ ಆಗಿ, ಸಾಫ್ಟ್‌ವೇರ್‌ನಲ್ಲಿ ತೆವಳುತ್ತದೆ. ಅದೇ ಮನೆತನದ ಸಿ3ಯಲ್ಲಂತೂ ಎಫ್‌ಪಿಯುವೇ ಇಲ್ಲ!

ಟೀನ್ಸಿಯದು 600 ಮೆಗಾಹರ್ಟ್ಸ್ ಕಾರ್ಟೆಕ್ಸ್ ಎಂ7 ಪ್ರೊಸೆಸರ್, 1 ಎಂಬಿ ರ‍್ಯಾಮ್. ಡಬಲ್ ಲೆಕ್ಕವನ್ನೂ ಹಾರ್ಡ್‌ವೇರೇ ಮಾಡುತ್ತದೆ, ವೇಗ ಫ್ಲೋಟ್‌ನ ಸುಮಾರು ಅರ್ಧ. ಹಾಗಾಗಿ ಮೊದಲು ಎಲ್ಲವನ್ನೂ ಡಬಲ್‌ನಲ್ಲೇ ಬರೆಯುತ್ತೇನೆ. ಉತ್ತರ ಸರಿ ಬಂದ ಮೇಲೆ, ಬೇಕಿದ್ದರೆ ಫ್ಲೋಟ್‌ಗೆ ಇಳಿಸುವುದು. ಹೆಚ್ಚಿನ ಸಲ ಬೇಕಾಗುವುದೇ ಇಲ್ಲ.

ಹಾಗಂತ ವೇಗ ಇದ್ದರೆ ಎಲ್ಲ ಆಗಿಬಿಡುವುದಿಲ್ಲ. ಟೀನ್ಸಿಯ ಆಡಿಯೋ ಲೈಬ್ರರಿಯಲ್ಲಿ 1024 ಪಾಯಿಂಟ್‌ನ ಎಫ್‌ಎಫ್‌ಟಿ ಇದೆ, ಅಂದರೆ ದನಿಯಲ್ಲಿ ಯಾವ ಆವರ್ತನ ಎಷ್ಟಿದೆ ಅಂತ ಖಾನೆಗಳಿಗೆ ವಿಂಗಡಿಸುವ ಲೆಕ್ಕ. 44.1 ಕಿಲೋಹರ್ಟ್ಸ್ ಸ್ಯಾಂಪಲ್ ವೇಗದಲ್ಲಿ ಅದರ ಒಂದೊಂದು ಖಾನೆ ಸುಮಾರು 43 ಹರ್ಟ್ಸ್ ಅಗಲ. ಹಾರ್ಮೋನಿಯಂನ ಬಿಳಿ ಒಂದರ ಷಡ್ಜ 261.6 ಹರ್ಟ್ಸ್, ಕಪ್ಪು ಒಂದರದು 277.2. ಎರಡೂ ಒಂದೇ ಖಾನೆಗೆ ಬೀಳುತ್ತವೆ! ಸಾಲದ್ದಕ್ಕೆ ತಂಬೂರಿಯ ಜೀವಾಳಿಯಿಂದ (ತಂತಿಯಡಿ ಇಡುವ ನೂಲು) ಮೇಲಿನ ಹಾರ್ಮೋನಿಕ್‌ಗಳೇ (ಮೂಲ ಸ್ವರದ ಜೊತೆ ಹುಟ್ಟುವ ಉಪಸ್ವರಗಳು) ಜೋರಾಗಿ ಕೇಳುತ್ತವೆ, ಎತ್ತರದ ಶಿಖರ ಹುಡುಕಿದರೆ ಷಡ್ಜದ ಬದಲು ಬೇರೇನೋ ಸಿಗುತ್ತದೆ. ಅದೇ ಲೈಬ್ರರಿಯಲ್ಲಿರುವ ಯಿನ್ ವಿಧಾನ ಇದಕ್ಕೆ ಸರಿ. ಅದು ಅಲೆಯನ್ನು ಸ್ವಲ್ಪ ಸ್ವಲ್ಪ ಜರುಗಿಸಿ, ಅದರ ಜೊತೆಗೇ ಹೋಲಿಸಿ, ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಅಂತ ಹುಡುಕುತ್ತದೆ. ಲೆಕ್ಕ ಬೆಟ್ಟದಷ್ಟು. ಟೀನ್ಸಿ ತಕರಾರಿಲ್ಲದೆ ಮಾಡುತ್ತದೆ.

ತಕರಾರು ನನ್ನದು. ಪಿನ್‌ಗಳು 3.3 ವೋಲ್ಟ್‌ಗೆ ಮಾತ್ರ, 5 ವೋಲ್ಟ್ ಕೊಟ್ಟರೆ ಚಿಪ್ ಕೆಡುತ್ತದೆ. ವೈಫೈ ಇಲ್ಲ. ಪೂರ್ತಿ ವೇಗದಲ್ಲಿ ಸುಮಾರು 100 ಮಿಲಿಆಂಪ್ ಕುಡಿಯುತ್ತದೆ, ಬ್ಯಾಟರಿಯಲ್ಲಿ ಓಡಿಸುವಾಗ ಕ್ಲಾಕ್ ಇಳಿಸಿಕೊಳ್ಳಬೇಕು. ಹಲವು ಪಿನ್‌ಗಳು ಬೋರ್ಡಿನ ಅಡಿಯಲ್ಲಿ ಪ್ಯಾಡ್‌ಗಳಾಗಿವೆ, ಬ್ರೆಡ್‌ಬೋರ್ಡ್‌ಗೆ (ಬೆಸುಗೆಯಿಲ್ಲದೆ ಜೋಡಿಸುವ ಹಲಗೆ) ಸಿಗುವುದಿಲ್ಲ. 2019ರಲ್ಲಿ ಬಂದಾಗಲೇ ಬೆಲೆ ಸುಮಾರು 20 ಡಾಲರ್. ನಮ್ಮಲ್ಲಿಗೆ ತರಿಸಿದರೆ ಸಾಗಣೆ, ತೆರಿಗೆ ಬೇರೆ.

ಈಗ ಹೊಸದಾಗಿ ಶುರು ಮಾಡುವವರು 2024ರಲ್ಲಿ 5 ಡಾಲರ್‌ಗೆ ಬಂದ ರಾಸ್ಪ್‌ಬೆರಿ ಪೈ ಪಿಕೋ 2 ಬೋರ್ಡ್ ನೋಡಿ. ಅದರ ಕಾರ್ಟೆಕ್ಸ್ ಎಂ33ಯಲ್ಲಿ ಫ್ಲೋಟ್‌ಗೆ ಎಫ್‌ಪಿಯು ಇದೆ, ಡಬಲ್‌ಗೆ ನೆರವಾಗುವ ಸಣ್ಣ ಕೋಪ್ರೊಸೆಸರ್ ಕೂಡ ಇದೆ. ಅದರಲ್ಲೇ ಇರುವ ರಿಸ್ಕ್-ಫೈವ್ ಅನ್ನುವ ಇನ್ನೊಂದು ಬಗೆಯ ಕೋರ್ ಆರಿಸಿಕೊಂಡರೆ ಮಾತ್ರ ಇವೆರಡೂ ಸಿಗುವುದಿಲ್ಲ. ಪಿಐಡಿ (ಮೋಟಾರ್ ವೇಗದಂಥದ್ದನ್ನು ಹದದಲ್ಲಿಡುವ ಲೆಕ್ಕ), ಸಣ್ಣ ಫಿಲ್ಟರ್‌ಗಳಿಗೆ ಅದು ಧಾರಾಳವಾಗಿ ಸಾಕು. ದೊಡ್ಡ ಮ್ಯಾಟ್ರಿಕ್ಸ್, ಡಬಲ್‌ನಲ್ಲಿ ಕಾಲ್ಮನ್ ಫಿಲ್ಟರ್ (ಏರುಪೇರಿನ ಅಳತೆಗಳಿಂದ ನಿಜವಾದ ಸ್ಥಿತಿ ಅಂದಾಜಿಸುವ ಲೆಕ್ಕ) ಅಂದರೆ ಟೀನ್ಸಿಯೇ ಇರಲಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿಮೆ ಮಾಡಿದ್ದು ಆ ಅಡಿಭಾಗದ ಪ್ಯಾಡ್‌ಗಳಿಗೆ.