ಮೂನ್ ಜೆಲ್ಲಿಫಿಶ್‌ಗೆ 20 ಲೀಟರಿನ ದುಂಡು ಟ್ಯಾಂಕ್: ಹರಿವು ಸೊಗಸು, ನೀರು ಸಾಲದು

ಮೇಜಿನ ಮೇಲಿಡುವ ಈ ಅಕ್ರಿಲಿಕ್ ಟ್ಯಾಂಕಿನಲ್ಲಿ ಮೆಚ್ಚಬೇಕಾದದ್ದು ನೀರಿನ ಹರಿವು. ಮೂನ್ ಜೆಲ್ಲಿಫಿಶ್ ಹರಿವಿಗೆ ಎದುರಾಗಿ ಈಜಲಾರದು. ಮಾಮೂಲಿ ಚೌಕದ ತೊಟ್ಟಿಯಲ್ಲಿ ಬಿಟ್ಟರೆ ಮೂಲೆ ಸೇರುತ್ತದೆ, ಇಲ್ಲವೇ ಫಿಲ್ಟರ್ ಬಾಯಿಗೆ ಅಂಟಿಕೊಂಡು ಮೈ ಹರಿದುಕೊಳ್ಳುತ್ತದೆ. ಜರ್ಮನಿಯ ವುಲ್ಫ್ ಗ್ರೇವೆ 1968ರಲ್ಲಿ ಪ್ಲಾಂಕ್ಟನ್ (ನೀರಿನಲ್ಲಿ ತೇಲಾಡುವ ಪುಟ್ಟ ಜೀವಿಗಳು) ಸಾಕಲು ರೂಪಿಸಿದ ಕ್ರೈಸೆಲ್ ತೊಟ್ಟಿಯಲ್ಲಿ ನೀರು ನಿಧಾನವಾಗಿ ಸುತ್ತುತ್ತಿತ್ತು. ಇಲ್ಲಿಯೂ ಅದೇ ತತ್ವ. ನೀರು ಹೊರಹೋಗುವ ಜಾಲರಿ ಅಗಲವಾಗಿರುವುದರಿಂದ ಸೆಳೆತವೂ ಕಡಿಮೆ. ಜೆಲ್ಲಿ ತಳದಲ್ಲೇ ಬಿದ್ದಿದ್ದರೆ ಹರಿವು ಹೆಚ್ಚಿಸಲು ವಾಲ್ವ್ ಸ್ವಲ್ಪ ತೆರೆಯಿರಿ. ಅದರ ಕೊಡೆ, ಅಂದರೆ ಕೊಡೆಯಾಕಾರದ ಮೈ, ಮಡಚಿಕೊಳ್ಳುತ್ತಿದ್ದರೆ ತಿರುವಿ ಕಡಿಮೆ ಮಾಡಿ.

ಆದರೆ ಏರ್ ಪಂಪಿನ ಗುಳ್ಳೆಗಳು ಒಳಗೆ ನುಸುಳದಂತೆ ಇಟ್ಟಿರುವ ತಡೆ ತೀರ ಗಿಡ್ಡ. ಕೊಡೆಯಡಿ ಸಿಕ್ಕಿದ ಗುಳ್ಳೆ ಮೇಲೇರಲು ಒತ್ತುತ್ತಾ ಕ್ರಮೇಣ ಅಂಗಾಂಶವನ್ನೇ ತೂತು ಮಾಡುತ್ತದೆ. ನೀರಿನ ಮಟ್ಟ ತಡೆಯ ಅಂಚಿಗಿಂತ ಇಳಿಯದಂತೆ ದಿನವೂ ನೋಡಿಕೊಳ್ಳಬೇಕು. ಆವಿಯಾದಷ್ಟಕ್ಕೆ ಆರ್‌ಓ ನೀರು ಮಾತ್ರ ಸೇರಿಸಿ. ಉಪ್ಪುನೀರು ಹಾಕಿದರೆ ಲವಣಾಂಶ ಏರುತ್ತಾ ಹೋಗುತ್ತದೆ. ಲವಣಾಂಶ ತೋರುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ನಿಲ್ಲಬೇಕು.

ದೊಡ್ಡ ಕೊರತೆ ನೀರಿನ ಪ್ರಮಾಣದ್ದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಆರು ಜೆಲ್ಲಿಗಳಿವೆ; ಐದು ಸೆಂಟಿಮೀಟರ್ ಅಗಲದವು ಎರಡು, ಹೆಚ್ಚೆಂದರೆ ಮೂರು ಸಾಕು. ತಿನ್ನದೆ ಉಳಿದ ಆಹಾರ ಕೊಳೆತರೆ ಇಷ್ಟು ಕಡಿಮೆ ನೀರಿನಲ್ಲಿ ಅಮೋನಿಯಾ ಬೇಗ ಏರುತ್ತದೆ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ‘ಇವತ್ತೇ ಬಿಡಬಹುದು’ ಎಂಬ ಮಾರಾಟಗಾರರ ಮಾತು ನಂಬಬೇಡಿ. ಆಮೇಲೆ ವಾರಕ್ಕೆ ಮೂರ್ನಾಲ್ಕು ಲೀಟರ್ ಬದಲಿಸಿ.

ಜೊತೆಗೆ ಕೊಡುವ ಒಣ ಪುಡಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ, 28 ಡಿಗ್ರಿಯ ಆಸುಪಾಸಿನಲ್ಲಿ, ಜೋರಾಗಿ ಗಾಳಿ ಕೊಟ್ಟು ಒಡೆಸಿದರೆ ಸುಮಾರು 24 ಗಂಟೆಯಲ್ಲಿ ಮರಿಗಳು ಸಿಗುತ್ತವೆ. ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ. ಕೆಳಗಿನ ಮರಿಗಳನ್ನಷ್ಟೇ ಸೋಸಿ, ತೊಳೆದು, ತಡಮಾಡದೆ ಹಾಕಿ. ಹೊತ್ತು ಕಳೆದಂತೆ ಮರಿಯೊಳಗಿನ ಪೋಷಕಾಂಶ ಕರಗುತ್ತದೆ. ಜೆಲ್ಲಿ ತಿಂದಿದೆಯೇ ಎಂದು ಊಹಿಸಬೇಕಿಲ್ಲ: ಪಾರದರ್ಶಕ ಮೈಯ ನಡುವಿನ ಹೊಟ್ಟೆಯ ಚೀಲಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಹಸಿದರೆ ದೇಹವೇ ಕುಗ್ಗುತ್ತದೆ. ಕೊಡೆಯ ಅಗಲವನ್ನು ಆಗಾಗ ಅಳೆಯುವುದು ಒಳ್ಳೆಯದು.

ಬಣ್ಣ ಬದಲಿಸುವ ಎಲ್‌ಇಡಿ ನೋಡುವವರ ಖುಷಿಗಷ್ಟೇ. ಈ ಜೆಲ್ಲಿಯೊಳಗೆ ಬೆಳಕು ಬೇಡುವ ಪಾಚಿಯಿಲ್ಲ. ಜೊತೆಗೆ ಹವಳ ಇಡುವ ಯೋಚನೆಯೂ ಬೇಡ: ಎರಡಕ್ಕೂ ಕುಟುಕುವ ಕೋಶಗಳಿವೆ, ಮೇಲಾಗಿ ನಮ್ಮ ದೇಶದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ.

ತಂಪು ಕಡಲಿನ ಮೂಲದ ಮೂನ್ ಜೆಲ್ಲಿಗೆ 18ರಿಂದ 22 ಡಿಗ್ರಿ ಹಿತ. ಬೇಸಿಗೆಯ ಬೆಂಗಳೂರಿನಲ್ಲೂ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಅದು ಕಷ್ಟ. ಈ ಟ್ಯಾಂಕಿಗೆ ಚಿಲ್ಲರ್ ಪೈಪ್ ಜೋಡಿಸುವ ಕಂಡಿಯೇ ಇಲ್ಲ. ಏಸಿ ಇಲ್ಲದ ಮನೆಯವರು ಇದಕ್ಕೆ ಹಣ ಹಾಕುವ ಬದಲು ಬೆಚ್ಚಗಿನ ನೀರಿನ ಜೆಲ್ಲಿಫಿಶ್ ಕ್ಯಾಸಿಯೋಪಿಯಾ ನೋಡಲಿ. ಅದು ತಳದಲ್ಲಿ ಅಂಗಾತ ಮಲಗಿರುತ್ತದೆ. ಮರಳು ಹಾಸಿದ ಸಾಮಾನ್ಯ ತೊಟ್ಟಿ, ಮಂದ ಹರಿವು, ಅದರ ಮೈಯೊಳಗಿನ ಪಾಚಿಗೆ ಬೇಕಾದ ಪ್ರಖರ ಬೆಳಕು ಇದ್ದರಾಯಿತು.