ಹೊಸ ಸರ್ವರ್ ಬಂದ ಮೇಲೆ ಟೇಪ್ ಬ್ಯಾಕಪ್ ನಿಧಾನವಾಯ್ತಾ? ಡ್ರೈವ್ ಬದಲಿಸುವ ಮುಂಚೆ ಇದನ್ನು ಓದಿ

ಸರ್ವರ್ ಬದಲಿಸಿದ ಮೇಲೆ ಟೇಪ್ ಬ್ಯಾಕಪ್ ಕುಂಟತೊಡಗಿದರೆ ವೆಂಡರ್ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಡ್ರೈವ್ ಹಳೇದಾಗೇತ್ರೀ ಸರ, ಹೊಸಾದು ತಗೊಂಡಬಿಡ್ರಿ." ಆ ಮಾತು ನಂಬಿ ಚೆಕ್ ಬರೆಯಬೇಡಿ. ನಾವು ಬರೆಯುವುದರಲ್ಲಿದ್ದೆವು, ಸ್ವಲ್ಪದರಲ್ಲಿ ತಪ್ಪಿತು.

ನಾನು ಹುಬ್ಬಳ್ಳಿ ವಿದ್ಯಾನಗರದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಸಿಟಿ, ಎಂಆರ್‌ಐ ಚಿತ್ರಗಳೆಲ್ಲ ಒಂದು ಲಿನಕ್ಸ್ ಸರ್ವರ್‌ನಲ್ಲಿವೆ. ಶನಿವಾರ ರಾತ್ರಿ ಎಲ್‌ಟಿಒ-6 ಟೇಪ್‌ಗೆ (ಎಲ್‌ಟಿಒ ಅನ್ನುವ ಬಗೆಯ ಬ್ಯಾಕಪ್ ಟೇಪ್, ಆರನೇ ತಲೆಮಾರಿನದು) ಫುಲ್ ಬ್ಯಾಕಪ್. ಈ ಡ್ರೈವ್‌ನ ವೇಗ ಕಂಪ್ರೆಷನ್ ಬಿಟ್ಟು ಸೆಕೆಂಡಿಗೆ 160 ಎಂಬಿ. ಒಂದು ಟೇಪ್ 2.5 ಟಿಬಿ ಹಿಡಿಯುತ್ತೆ, ಅಂದರೆ ಪೂರಾ ವೇಗದಲ್ಲಿ ಓಡಿದರೆ ನಾಲ್ಕೂವರೆ ಗಂಟೆಯೊಳಗೆ ಒಂದು ಟೇಪ್ ತುಂಬಬೇಕು. ಹಳೆ ಸರ್ವರ್‌ನಲ್ಲಿ ಹೆಚ್ಚುಕಮ್ಮಿ ಹಾಗೇ ಆಗುತ್ತಿತ್ತು.

ಹೊಸ ಸರ್ವರ್ ಬಂತು. ಪ್ರೊಸೆಸರ್ ಹೊಸದು, ರ‍್ಯಾಮ್ ನಾಲ್ಕು ಪಟ್ಟು. ಬ್ಯಾಕಪ್ ಮಾತ್ರ 25 ಎಂಬಿ ದಾಟಲಿಲ್ಲ. ಆ ಲೆಕ್ಕದಲ್ಲಿ ಒಂದು ಟೇಪ್‌ಗೆ ಸುಮಾರು 28 ಗಂಟೆ! ಸೋಮವಾರ ಬೆಳಗ್ಗೆ ಪೇಷಂಟ್‌ಗಳು ಕೌಂಟರ್ ಮುಂದೆ ನಿಂತಿದ್ದರೂ ಬ್ಯಾಕಪ್ ಓಡುತ್ತಲೇ ಇರುತ್ತಿತ್ತು, ಡಾಕ್ಟರ್ ಪರದೆ ಮೇಲೆ ಚಿತ್ರ ತೆರೆದುಕೊಳ್ಳುತ್ತಿರಲಿಲ್ಲ.

ಡ್ರೈವ್ ಪಕ್ಕ ಹೋಗಿ ಕಿವಿಗೊಟ್ಟರೆ ಅರ್ಧ ವಿಷಯ ತಿಳಿಯುತ್ತೆ. ಸರಿಯಾಗಿ ಓಡುವ ಟೇಪ್‌ದು ಒಂದೇ ಸಮನೆ ಗುಂಯ್ ಅನ್ನುವ ಸದ್ದು. ನಮ್ಮದು ಸ್ವಲ್ಪ ಓಡುವುದು, ಗಕ್ಕನೆ ನಿಲ್ಲುವುದು, ಹಿಂದಕ್ಕೆ ಸುತ್ತುವುದು, ಮತ್ತೆ ಮುಂದಕ್ಕೆ. ಇಡೀ ರಾತ್ರಿ ಇದೇ. ಎಲ್‌ಟಿಒ ಡ್ರೈವ್ ಸರ್ವರ್ ವೇಗಕ್ಕೆ ತಕ್ಕಂತೆ ತನ್ನ ವೇಗ ಇಳಿಸಿಕೊಳ್ಳುತ್ತೆ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ. ಎಲ್‌ಟಿಒ-6ಕ್ಕೆ ಮಾಡೆಲ್ ನೋಡಿಕೊಂಡು ಅದು ಸುಮಾರು 40ರಿಂದ 55 ಎಂಬಿ. ಅದಕ್ಕಿಂತ ಕಡಿಮೆ ಡೇಟಾ ಬಂದರೆ ಟೇಪ್ ನಿಲ್ಲಿಸಿ, ಹಿಂದೆ ಸುತ್ತಿ, ಕಾಯಲೇಬೇಕು. ವೇಗ ಹೋಗುವುದಲ್ಲದೆ ಟೇಪ್, ಹೆಡ್ ಎರಡೂ ಸವೆಯುತ್ತವೆ. ಅಂದರೆ ಈ ಸದ್ದು ಬಂದರೆ ಮೊದಲು ಅನುಮಾನಿಸಬೇಕಾದ್ದು ಡ್ರೈವ್‌ಗೆ ಡೇಟಾ ಕೊಡುವ ದಾರಿಯನ್ನು.

ವೆಂಡರ್ ಕಳಿಸಿದ ಹುಡುಗ ಬಂದವನೇ ಕ್ಲೀನಿಂಗ್ ಕ್ಯಾಟ್ರಿಜ್ ಹಾಕಿದ. ಆಗಲಿಲ್ಲ. ಮತ್ತೆ ಹಾಕಿದ. ಡ್ರೈವ್ ತಾನಾಗಿ ದೀಪ ಹಚ್ಚಿ ಕೇಳದೆ ಸುಮ್ನೆ ಕ್ಲೀನಿಂಗ್ ಹಾಕುವುದು ಒಳ್ಳೆಯದಲ್ಲ, ಅದು ಹೆಡ್ ಅನ್ನು ಉಜ್ಜುವ ಟೇಪ್. ಆಮೇಲೆ ಅವನು ಡಿಸ್ಕ್ ಪರೀಕ್ಷೆ ಮಾಡಿ ತೋರಿಸಿದ: ಫೈಲ್‌ಗಳನ್ನು ಒಂದೇ ಗಂಟಾಗಿ ಕಟ್ಟುವ ಟಾರ್ ಕಮಾಂಡ್ ಕೊಟ್ಟು ಔಟ್‌ಪುಟ್ ಫೈಲ್ ಜಾಗದಲ್ಲಿ ಡೆವ್ ನಲ್ (ಬಂದದ್ದನ್ನೆಲ್ಲ ಎಸೆದುಬಿಡುವ ಲಿನಕ್ಸ್‌ನ ಕಸದ ಬುಟ್ಟಿ) ಹಾಕಿದ. ಇಡೀ ಫೋಲ್ಡರ್ ನೋಡನೋಡುತ್ತಲೇ ಮುಗಿಯಿತು. "ನೋಡ್ರಿ ಸರ, ಡಿಸ್ಕ್ ಬೆಂಕಿ ಐತಿ. ಡ್ರೈವೇ ಹೋಗೇತಿ."

ಇದು ಬಹಳ ಜನ ಬೀಳುವ ಗುಂಡಿ. ಲಿನಕ್ಸ್‌ನ ಗ್ನೂ ಟಾರ್‌ಗೆ ಔಟ್‌ಪುಟ್ ಡೆವ್ ನಲ್ ಅಂತ ಗೊತ್ತಾದರೆ ಅದು ಫೈಲ್‌ಗಳ ಒಳಗಿನ ಡೇಟಾ ಓದುವುದೇ ಇಲ್ಲ, ಹೆಸರು, ಗಾತ್ರ ನೋಡಿ ಮುಂದೆ ಹೋಗುತ್ತೆ. ನಿಜವಾದ ವೇಗ ಬೇಕಿದ್ದರೆ ಟಾರ್‌ನ ಔಟ್‌ಪುಟ್ ಅನ್ನು ಪೈಪ್ ಮೂಲಕ ಕ್ಯಾಟ್‌ಗೆ (ಬಂದದ್ದನ್ನು ಹಾಗೇ ಮುಂದೆ ದಾಟಿಸುವ ಕಮಾಂಡ್) ಕೊಟ್ಟು, ಅಲ್ಲಿಂದ ಡೆವ್ ನಲ್‌ಗೆ ಬಿಡಬೇಕು.

ಅದೇ ಹೊತ್ತಿಗೆ ಒಬ್ಬ ಪೇಷಂಟ್‌ನ ಹಳೆ ಸಿಟಿ ಬೇಕಾಯಿತು. ಹಳೆ ಟೇಪ್ ಹಾಕಿದರೆ ಪರದೆ ಮೇಲೆ "ಕೆನಾಟ್ ಅಲೊಕೇಟ್ ಮೆಮೊರಿ" ಅಂತ ಬಂತು. ಹುಡುಗ ಫೋಟೋ ಹೊಡೆದು ಆಫೀಸಿಗೆ ಕಳಿಸಿದ. ಅಲ್ಲಿಂದ ಬಂದ ಉತ್ತರ: ಇನ್ನಷ್ಟು ರ‍್ಯಾಮ್ ಹಾಕಿಸಿ, ಕೊಟೇಶನ್ ಕಳಿಸುತ್ತೇವೆ. ಎತ್ತು ಈಯಿತು ಅಂದರೆ ಕರು ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಟೇಪ್ ಓದುವಾಗ ಈ ಎರರ್ ಬಂದರೆ ಸಾಮಾನ್ಯವಾಗಿ ರ‍್ಯಾಮ್‌ಗೂ ಅದಕ್ಕೂ ಸಂಬಂಧ ಇರುವುದಿಲ್ಲ. ಟೇಪ್‌ನಲ್ಲಿ ಬರೆದ ಬ್ಲಾಕ್ (ಒಂದು ಸಲಕ್ಕೆ ಬರೆಯುವ ಡೇಟಾ ತುಂಡು) ದೊಡ್ಡದು, ನೀವು ಓದಲು ಕೇಳುತ್ತಿರುವುದು ಚಿಕ್ಕದು ಅಂತ ಅರ್ಥ. ನಮ್ಮ ಹಳೆ ಟೇಪ್‌ಗಳೆಲ್ಲ 256 ಕೆಬಿ ಬ್ಲಾಕ್‌ನವು. ಹೊಸ ಸ್ಕ್ರಿಪ್ಟ್ ತೆಗೆದು ನೋಡಿದರೆ 32 ಕೆಬಿ!

ಯಾಕೆ ಇಳಿಸಿದಿರಿ ಅಂತ ವೆಂಡರ್‌ನವರನ್ನು ಒತ್ತಿ ಕೇಳಿದಾಗ ಅಸಲಿ ಸಂಗತಿ ಹೊರಬಂತು. ಹಳೆ ಸರ್ವರ್‌ನಲ್ಲಿ ಟೇಪ್‌ಗೇ ಬೇರೆ ಎಸ್‌ಎಎಸ್ ಎಚ್‌ಬಿಎ ಕಾರ್ಡ್ (ಡ್ರೈವ್ ಅನ್ನು ಸರ್ವರ್‌ಗೆ ನೇರವಾಗಿ ಜೋಡಿಸುವ ಕಾರ್ಡ್) ಇತ್ತು. ಆ ಕಾರ್ಡ್ ಹೊಸ ಸರ್ವರ್ ಸ್ಲಾಟ್‌ನಲ್ಲಿ ಕೂರಲು ಸಣ್ಣ ತಗಡಿನ ಬ್ರಾಕೆಟ್ ಬೇಕು, ಅದು ಇರಲಿಲ್ಲ. ಅದಕ್ಕೆ ಟೇಪ್ ಕೇಬಲ್ ಅನ್ನು ಡಿಸ್ಕ್‌ಗಳ ರೇಡ್ ಕಾರ್ಡ್‌ನ ಹೊರಗಿನ ಪೋರ್ಟ್‌ಗೇ ಚುಚ್ಚಿದ್ದರು. ದೊಡ್ಡ ಬ್ಲಾಕ್ ಕೊಟ್ಟರೆ ಎರರ್ ಬರುತ್ತಿತ್ತು, ಎರರ್ ಕಾಣದಿರಲಿ ಅಂತ ಬ್ಲಾಕ್ ಇಳಿಸಿದ್ದರು. ರೇಡ್ ಕಾರ್ಡ್ ಇರುವುದು ಡಿಸ್ಕ್‌ಗಳನ್ನು ಸಂಭಾಳಿಸಲು. ಬಹಳಷ್ಟು ರೇಡ್ ಕಾರ್ಡ್‌ಗಳಲ್ಲಿ ಟೇಪ್‌ಗೆ ಸಪೋರ್ಟೇ ಇಲ್ಲ. ಒಂದು ತಗಡಿನ ತುಂಡಿಗಾಗಿ ಇಷ್ಟೆಲ್ಲ.

ಇಷ್ಟಾದರೂ ಅವರ ಕೊಟೇಶನ್ ಬಂದೇ ಬಂತು, ಎಲ್‌ಟಿಒ-8 ಡ್ರೈವ್‌ಗೆ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ. ಎಲ್‌ಟಿಒ-7ರವರೆಗೆ ಡ್ರೈವ್‌ಗಳು ಎರಡು ತಲೆಮಾರು ಹಿಂದಿನ ಟೇಪ್ ಓದುತ್ತಿದ್ದವು. ಎಲ್‌ಟಿಒ-8ರಲ್ಲಿ ಆ ಸೌಲಭ್ಯ ನಿಂತಿತು, ಅದು 7 ಮತ್ತು 8ನ್ನು ಮಾತ್ರ ಓದುತ್ತೆ. ನಾವು ಹಳೆ ಡ್ರೈವ್ ಕೊಟ್ಟು ಅದನ್ನು ತಗೊಂಡಿದ್ದರೆ ಬೀರು ತುಂಬ ಇರುವ ಎಲ್‌ಟಿಒ-6 ಟೇಪ್‌ಗಳಲ್ಲಿ ಒಂದನ್ನೂ ಓದಲಾಗುತ್ತಿರಲಿಲ್ಲ. ಈ ಮಾತು ಕೊಟೇಶನ್‌ನಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಡಾಕ್ಟರ್ ಸಾಹೇಬರಿಗೆ ಇದನ್ನು ಹೇಳಿದ್ದೇ ತಡ, "ಅವರ ಫೋನ್ ಎತ್ತಬ್ಯಾಡ್ರಿ" ಅಂದರು.

ಬೇರೆ ಕಡೆಯಿಂದ ಸಾದಾ ಎಚ್‌ಬಿಎ ಕಾರ್ಡ್ ತರಿಸಿ ಹಾಕಿದೆವು. ಬ್ಲಾಕ್ ಮತ್ತೆ 256 ಕೆಬಿ. ಮೊದಲೇ ಕಂಪ್ರೆಸ್ ಆದ ಒಂದು ದೊಡ್ಡ ಫೈಲ್ ಬರೆದು ನೋಡಿದರೆ 155 ಎಂಬಿ ದಾಟಿತು. "ಹೋಗೇತಿ" ಅಂದಿದ್ದ ಅದೇ ಡ್ರೈವ್! ಹಳೆ ಟೇಪ್ ಕೂಡ ಓದಿತು.

ಆದರೆ ಫುಲ್ ಬ್ಯಾಕಪ್ ಇನ್ನೂ 50ರ ಆಸುಪಾಸೇ ಇತ್ತು. ಈಗ ಕ್ಯಾಟ್ ಹಾಕಿ ಓದಿಸಿದಾಗ ಡಿಸ್ಕ್ ಬಂಡವಾಳವೂ ಬಯಲಾಯಿತು. ಹಳೆ ಸರ್ವರ್‌ನಲ್ಲಿ 10,000 ಆರ್‌ಪಿಎಂನ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವ) ಎಂಟು ಡಿಸ್ಕ್ ಇದ್ದವು. ಹೊಸದರಲ್ಲಿ 7,200 ಆರ್‌ಪಿಎಂನ ನಾಲ್ಕು ದೊಡ್ಡ ಡಿಸ್ಕ್. ಜಾಗ ಜಾಸ್ತಿ, ಓದುವ ಕೈ ಕಡಿಮೆ. ಸಿಟಿಯ ಒಂದು ಚಿತ್ರ ಸಾಮಾನ್ಯವಾಗಿ 512 × 512, ಅಂದರೆ ಅರ್ಧ ಎಂಬಿ ಫೈಲ್. ಒಬ್ಬರ ಸ್ಕ್ಯಾನ್‌ಗೇ ಇಂಥ ನೂರಾರು. ಒಂದೊಂದನ್ನೂ ಹುಡುಕಿ ಓದುವಷ್ಟರಲ್ಲಿ ಟೇಪ್ ಕಾದು ಕೂರುತ್ತೆ. ಈಗ ವಾರದ ದಿನಗಳಲ್ಲೇ ರಾತ್ರಿ ಹೊತ್ತು ಚಿತ್ರಗಳನ್ನು ದೊಡ್ಡ ಟಾರ್ ಫೈಲ್‌ಗಳಾಗಿ ಕಟ್ಟಿ ಎಸ್‌ಎಸ್‌ಡಿಯಲ್ಲಿ ಇಡುತ್ತೇವೆ, ಶನಿವಾರ ಅಲ್ಲಿಂದ ಟೇಪ್‌ಗೆ. ನಡುವೆ ಎಂಬಫರ್ ಅನ್ನುವ ಸಣ್ಣ ಪ್ರೋಗ್ರಾಂ ರ‍್ಯಾಮ್‌ನಲ್ಲಿ ಡೇಟಾ ತುಂಬಿಟ್ಟುಕೊಂಡು ಡ್ರೈವ್‌ಗೆ ಸಮನಾಗಿ ಕೊಡುತ್ತೆ. ನಿಂತು ನಿಂತು ಓಡುವುದು ತಪ್ಪಿದೆ.

ನೀವು ಗೋಕುಲ ರೋಡಿನ ಫ್ಯಾಕ್ಟರಿ ಆಗಿರಲಿ, ಗದಗಿನ ಪ್ರೆಸ್ ಆಗಿರಲಿ, ಸರ್ವರ್ ಆರ್ಡರ್ ಕೊಡುವಾಗ ಟೇಪ್‌ಗೆ ಪ್ರತ್ಯೇಕ ಎಚ್‌ಬಿಎ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಎಷ್ಟು ಡಿಸ್ಕ್, ಎಷ್ಟು ಆರ್‌ಪಿಎಂ ಅಂತಲೂ ಇರಲಿ, ಬರೀ ಟಿಬಿ ಲೆಕ್ಕ ಸಾಲದು. ನಿಮ್ಮದೇ ಡೇಟಾದ ಒಂದು ಫುಲ್ ಬ್ಯಾಕಪ್, ಹಳೆ ಟೇಪ್‌ನಿಂದ ಒಂದು ರಿಸ್ಟೋರ್, ಎರಡೂ ಕಣ್ಣೆದುರು ಆಗುವವರೆಗೆ ಕೊನೆಯ ಕಂತು ಕೊಡಬೇಡಿ. ಹಳೆ ಸರ್ವರ್ ಅನ್ನೂ ಅಲ್ಲಿಯವರೆಗೆ ಬಿಟ್ಟುಕೊಡಬೇಡಿ. ನಮ್ಮದನ್ನು ವೆಂಡರ್ ಎಕ್ಸ್‌ಚೇಂಜ್ ಅಂತ ಹೇಳಿ ಇನ್‌ಸ್ಟಾಲ್ ಆದ ದಿನವೇ ಟಂಟಂನಲ್ಲಿ ಹೇರಿಕೊಂಡು ಹೋಗಿದ್ದ. ಪೇಷಂಟ್ ಚಿತ್ರಗಳಿರುವ ಡಿಸ್ಕ್‌ಗಳನ್ನು ನಾವು ಬಿಚ್ಚಿಟ್ಟುಕೊಂಡಿದ್ದೆವು. ಎಚ್‌ಬಿಎ ಕಾರ್ಡ್ ಮಾತ್ರ ಅದರೊಳಗೇ ಹೋಯಿತು, ಕೇಳಿದರೆ ಇವತ್ತಿಗೂ "ಹುಡುಕಸ್ತೀವ್ರಿ" ಅಂತಾರೆ.